ಬಿಸಿನೀರಿಗೂ ಒಂದು ಕಂಬಳಿ

ನರಕ ಚತುರ್ದಶಿಯ ಹಿಂದಿನ ಸಂಜೆ ಬಚ್ಚಲುಮನೆಯ ಹಂಡೆಯನ್ನು ಹುಣಿಸೆಹಣ್ಣು ಹಾಕಿ ಬೆಳಗಿ, ಕೊರಳಿಗೆ ಬಳ್ಳಿ ಸುತ್ತಿ, ಹೊಸನೀರು ತುಂಬುವ ಸಂಭ್ರಮವನ್ನು ಕಂಡವರು ಕನ್ನಡನಾಡಿನಲ್ಲಿ ಬಹಳ ಮಂದಿ. ಆ ಹಂಡೆಯ ಸುತ್ತ ಇಟ್ಟಿಗೆ ಮಣ್ಣುಗಳಿಂದ ದಪ್ಪನಾಗಿ ಕಟ್ಟಿದ ಕಟ್ಟೆಯನ್ನು ಗಮನಿಸಿದವರು ಮಾತ್ರ ವಿರಳ. ತಾಮ್ರವು ಶಾಖವನ್ನು ಬೇಗ ಪಡೆಯುತ್ತದೆ. ಅಷ್ಟೇ ಬೇಗ ಬಿಟ್ಟುಕೊಡುತ್ತದೆ. ಅದಕ್ಕೆ ಕಡಿವಾಣ ಹಾಕುತ್ತಿದ್ದುದು ಈ ಕಟ್ಟೆ, ಮೇಲಿನ ಮುಚ್ಚಳ, ಒಲೆಯೊಳಗೆ ಬೂದಿ ಮುಚ್ಚಿದ ಕೆಂಡ.

ಬೆಂಗಳೂರಿನ ಸುದ್ದಗುಂಟೆಪಾಳ್ಯದ ಇಕ್ಕಟ್ಟಾದ ಬೀದಿಗಳಲ್ಲಿ ಇಂದು ಅಂತಸ್ತಿನ ಮೇಲೆ ಅಂತಸ್ತು ಏರಿದೆ. ಹಂಡೆಯ ಕೆಲಸವನ್ನು ಎಷ್ಟೋ ಮನೆಗಳಲ್ಲಿ ತಾರಸಿಯ ಸೋಲಾರ್ ತೊಟ್ಟಿ ವಹಿಸಿಕೊಂಡಿದೆ. ಹಲವು ಬಗೆಯ ಹೊಸ ಕಟ್ಟಡಗಳಿಗೆ ಇದನ್ನು ರಾಜ್ಯ ಸರ್ಕಾರ 2007ರಲ್ಲಿ ಕಡ್ಡಾಯ ಮಾಡಿತು. ಒಳತೊಟ್ಟಿಗೂ ಹೊರಕವಚಕ್ಕೂ ನಡುವೆ ಸಾಮಾನ್ಯವಾಗಿ 50 ಮಿಲಿಮೀಟರ್ ದಪ್ಪದ ಪಾಲಿಯುರೆಥೇನ್ ನೊರೆ ತುಂಬಿರುತ್ತದೆ. ಅದರ ಪುಟ್ಟ ಗುಳ್ಳೆಗಳಲ್ಲಿ ಸೆರೆಯಾದ ಅನಿಲ ಅಲುಗಾಡದು. ಶಾಖಕ್ಕೆ ಹೊರಹೋಗುವ ದಾರಿ ಸುಲಭವಾಗಿ ದೊರೆಯದು. ಕಂಬಳಿಯ ಗುಟ್ಟೂ ಇದೇ ಅಲ್ಲವೆ? ಅದು ಶಾಖ ಕೊಡುವುದಿಲ್ಲ, ಇರುವ ಶಾಖವನ್ನು ಕಾಯುತ್ತದೆ. 100 ಲೀಟರ್ ನೀರು 10 ಡಿಗ್ರಿಯಷ್ಟು ಆರಿದರೆ, ಮತ್ತೆ ಕಾಯಿಸಲು 1 ಯೂನಿಟ್ಟಿಗೂ ಮಿಕ್ಕ ವಿದ್ಯುತ್ತು ಬೇಕಾಗುತ್ತದೆ.

ಆದರೆ ತೊಟ್ಟಿಗೆ ಹೊದಿಸಿದ ಕಂಬಳಿ ಕೊಳವೆಗೆ ಇಲ್ಲದಿದ್ದರೆ? ತಾರಸಿಯಿಂದ ಕೆಳಮನೆಗೆ ಇಳಿಯುವ, ಮುಕ್ಕಾಲು ಅಂಗುಲದ 15 ಮೀಟರ್ ಕೊಳವೆಯಲ್ಲಿ 4-5 ಲೀಟರ್ ನೀರು ನಿಂತಿರುತ್ತದೆ. ಅದು ಆರಿದ್ದರೆ, ಬಿಸಿನೀರು ಬರುವವರೆಗೆ ನಲ್ಲಿ ತಿರುಗಿಸಿ ಚೆಲ್ಲುವುದೇ ಗತಿ. ಚೆಲ್ಲುವುದಾದರೂ ಎಂಥ ನೀರು! ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳು ಏರಿಸಿ ನಗರಕ್ಕೆ ತಲುಪಿಸುವ ನೀರು.

ಪರಿಹಾರ ಕಠಿಣವಲ್ಲ. ನೊರೆರಬ್ಬರಿನ ಕವಚವನ್ನು ಕೊಳವೆಗೆ ತೊಡಿಸಿ, ತಿರುವು ಜೋಡಣೆಗಳನ್ನೂ ಬಿಡದೆ ಸುತ್ತಿ, ಬಿಸಿಲುಮಳೆ ತಾಗದಂತೆ ಮೇಲೊಂದು ಹೊದಿಕೆ ಬಿಗಿಯಬೇಕು. ನೀರಿಳಿದು ನೆನೆದ ಕವಚ ಒದ್ದೆ ಕಂಬಳಿಯಂತೆ ನಿಷ್ಪ್ರಯೋಜಕ. ರಾತ್ರಿಯಿಡೀ ಕೊಳವೆಯಲ್ಲಿ ನಿಂತ ನೀರನ್ನು ಈ ಉಪಾಯವೂ ಬೆಚ್ಚಗಿಡಲಾರದು. ಒಬ್ಬರು ಮಿಂದು ಮತ್ತೊಬ್ಬರು ಮೀಯುವ ನಡುವಿನ ಹೊತ್ತನ್ನು ಮಾತ್ರ ಕಾಯಬಲ್ಲದು. ಮುಂಜಾನೆಯ ಆ ಮೊದಲ ತಣ್ಣೀರಿಗೆ ನಲ್ಲಿಯ ಕೆಳಗೆ ಒಂದು ಬಕೆಟ್ ಇಟ್ಟರಾಯಿತು. ಪಾತ್ರೆ ತೊಳೆಯಲೋ ತುಳಸಿಗಿಡಕ್ಕೋ ಒದಗುತ್ತದೆ.

ಹಂಡೆಯಿಂದ ಒಂದು ಚೊಂಬು ನೀರು ಮೊಗೆದೊಡನೆ ಮುಚ್ಚಳ ಮುಚ್ಚುತ್ತಿದ್ದ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.