ಹೆತೆಲ್‌ನ ಹಗುರ ವಿದ್ಯೆ

ಇಂಗ್ಲೆಂಡಿನ ನಾರ್ಫಕ್ ಸೀಮೆಯ ಹೆತೆಲ್‌ನಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನ ನೆಲೆಯೊಂದಿತ್ತು. 1966ರಲ್ಲಿ ಲೋಟಸ್ ಕಾರು ಕಂಪನಿ ಅಲ್ಲಿಗೆ ಬಂದು ನೆಲೆಸಿತು. ಹಳೆಯ ರನ್‌ವೇಗಳು ಪರೀಕ್ಷಾ ಪಥವಾದವು. ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ಲಂಡನ್ನಿನಲ್ಲಿ ಓದಿದ್ದು ಸ್ಟ್ರಕ್ಚರಲ್ ಎಂಜಿನಿಯರಿಂಗ್. ಯಾವ ತೊಲೆ ಭಾರ ಹೊರುತ್ತಿದೆ, ಯಾವುದು ಸುಮ್ಮನೆ ಕೂತಿದೆ ಎಂದು ಗುರುತಿಸುವ ಆ ಕಣ್ಣಿನಿಂದಲೇ ಅವರು ಕಾರನ್ನೂ ನೋಡಿದರು. ಸ್ಪೋರ್ಟ್ಸ್ ಕಾರು ಎಂದೊಡನೆ ಅಶ್ವಶಕ್ತಿ ಎಷ್ಟು ಎಂದು ಕೇಳುವುದು ರೂಢಿ. ಆದರೆ ಮೊದಲು ಕೇಳಬೇಕಾದದ್ದು ತೂಕ ಎಷ್ಟು ಎಂದು. ಶಕ್ತಿ ಒದಗುವುದು ವೇಗ ಏರಿಸುವಾಗ ಮಾತ್ರ. ಹಗುರತನ ವೇಗ ಏರಿಸುವಾಗಲೂ ತಗ್ಗಿಸುವಾಗಲೂ ತಿರುವು ಹೊಕ್ಕಾಗಲೂ ಒದಗುತ್ತದೆ.

ಶಾಲೆಯಲ್ಲಿ ಭೌತಶಾಸ್ತ್ರ ಓದಿದವರು ಇಲ್ಲಿ ತಡೆದು ಕೇಳಬಹುದು: ಕಾರು ಭಾರವಾದಷ್ಟೂ ತಿರುವಿನಲ್ಲಿ ಅದನ್ನು ಹಿಡಿದಿಡಲು ಹೆಚ್ಚು ಬಲ ಬೇಕು, ನಿಜ, ಆದರೆ ಭಾರ ಹೆಚ್ಚಿದಂತೆ ಟೈರಿನ ಘರ್ಷಣೆಯೂ ಹೆಚ್ಚುತ್ತದಲ್ಲ, ಎರಡೂ ಸರಿಹೋಗುವುದಿಲ್ಲವೇ? ಪಠ್ಯಪುಸ್ತಕದ ಮರದ ದಿಮ್ಮಿಯ ಮಟ್ಟಿಗೆ ಈ ಲೆಕ್ಕ ಸರಿ, ರಬ್ಬರಿಗೆ ಒಪ್ಪುವುದಿಲ್ಲ. ಟೈರಿನ ಮೇಲಿನ ಭಾರ ಇಮ್ಮಡಿಯಾದರೆ ಅದರ ಹಿಡಿತ ಇಮ್ಮಡಿಗಿಂತ ಕಡಿಮೆಯೇ ಬೆಳೆಯುತ್ತದೆ. ತಿರುವಿನಲ್ಲಿ ಒಳಗಿನ ಚಕ್ರಗಳ ಭಾರ ಹೊರಗಿನ ಚಕ್ರಗಳ ಮೇಲೆ ಬೀಳುವುದರಿಂದ ನಷ್ಟ ಇನ್ನೂ ಹೆಚ್ಚು: ಒಳಗಿನವು ಕಳೆದುಕೊಂಡಷ್ಟು ಹಿಡಿತವನ್ನು ಹೊರಗಿನವು ಗಳಿಸಲಾರವು. ಕಾರು ಹಗುರಾದಷ್ಟೂ, ನೆಲಕ್ಕೆ ಹತ್ತಿರವಾದಷ್ಟೂ ಈ ವರ್ಗಾವಣೆ ಕಡಿಮೆ. ತೂಕ ಎಲ್ಲಿದೆ ಎಂಬುದೂ ಮುಖ್ಯ. ಅಡ್ಡೆಯ ಎರಡು ತುದಿಗೂ ಕೊಡ ಕಟ್ಟಿ ಹೆಗಲಿಗೇರಿಸಿದವನು ಥಟ್ಟನೆ ತಿರುಗಲಾರ. ಅದೇ ಭಾರವನ್ನು ಎದೆಗೆ ಅವಚಿಕೊಂಡರೆ ತಿರುಗಬಲ್ಲ. ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆಯೇ, ಹಿಂಗಾಲಿಗಳ ಮುಂದೆ ಕೂರಿಸುವುದರ ಲಾಭ ಇದು. ಇನ್ನು ಚಕ್ರ, ಟೈರು, ಬ್ರೇಕುಗಳು ಸ್ಪ್ರಿಂಗಿನ ಕೆಳಗಿರುವ ತೂಕ. ಅದು ಕಡಿಮೆಯಾದರೆ ರಸ್ತೆಯ ಉಬ್ಬುತಗ್ಗುಗಳ ಮೇಲೆ ಚಕ್ರ ಪುಟಿಯದೆ ನೆಲಕ್ಕೆ ಅಂಟಿಕೊಂಡಿರುತ್ತದೆ.

ತೂಕ ಇಳಿಸುವುದೆಂದರೆ ಸೀಟು, ರೇಡಿಯೊ ಕಿತ್ತು ಹಾಕುವುದಲ್ಲ. ಒಂದೇ ಭಾಗದಿಂದ ಎರಡು ಕೆಲಸ ಮಾಡಿಸುವುದು ಈ ವಿದ್ಯೆಯ ತಿರುಳು. 1962ರ ಲೋಟಸ್ 25 ಫಾರ್ಮುಲಾ ಒನ್ ಕಾರಿನಲ್ಲಿ ಚಾಪ್‌ಮನ್ ಕೊಳವೆಗಳ ಚೌಕಟ್ಟನ್ನು ಕೈಬಿಟ್ಟು, ತೆಳು ಅಲ್ಯೂಮಿನಿಯಂ ತಗಡಿನ ಕವಚವನ್ನೇ ಚಾಸಿಯಾಗಿಸಿದರು. ಅದು ಹಗುರವಾಗಿದ್ದೂ ಹೆಚ್ಚು ಬಿಗಿಯಾಗಿತ್ತು. 1963ರಲ್ಲಿ ಅದೇ ಕಾರು ಓಡಿಸಿದ ಜಿಮ್ ಕ್ಲಾರ್ಕ್ ಹತ್ತು ರೇಸುಗಳಲ್ಲಿ ಏಳನ್ನು ಗೆದ್ದು ವಿಶ್ವ ಚಾಂಪಿಯನ್ ಆದರು. 1967ರ ಲೋಟಸ್ 49ರಲ್ಲಿ ಎಂಜಿನ್ನೇ ಚಾಸಿಯ ಹಿಂಭಾಗವಾಗಿ ಸಸ್ಪೆನ್ಷನ್ನಿನ ಭಾರ ಹೊತ್ತಿತು. ಈ ಚಿಂತನೆ ರಸ್ತೆಯ ಕಾರಿನಲ್ಲಿ ಮಾಗಿದ್ದು 1996ರ ಎಲೀಸ್‌ನಲ್ಲಿ. ಅಲ್ಯೂಮಿನಿಯಂ ಪಟ್ಟಿಗಳನ್ನು ಎಪಾಕ್ಸಿ ಅಂಟಿನಿಂದ ಬೆಸೆದ ಅದರ ಚಾಸಿಯ ತೂಕ ಬರೀ 68 ಕೆ.ಜಿ. ವೆಲ್ಡಿಂಗಿನ ಕಾವಿಗೆ ಅಲ್ಯೂಮಿನಿಯಂ ದುರ್ಬಲವಾಗುತ್ತದೆ. ಅಂಟಿನಲ್ಲಿ ಆ ಭಯವಿಲ್ಲದ್ದರಿಂದ ತೆಳು ಪಟ್ಟಿಯೇ ಸಾಕಾಯಿತು. ಒಂದು ಕಡೆ ಇಳಿದ ತೂಕ ಇನ್ನೊಂದು ಕಡೆಯದನ್ನೂ ಇಳಿಸಿತು: ಹಗುರ ಕಾರಿಗೆ ಚಿಕ್ಕ ಬ್ರೇಕು, ಸಣ್ಣ ಎಂಜಿನ್ ಸಾಕು, ಪವರ್ ಸ್ಟೀರಿಂಗ್ ಬೇಕಿಲ್ಲ. ಸುಮಾರು 725 ಕೆ.ಜಿ.ಯ ಆ ಕಾರು 118 ಅಶ್ವಶಕ್ತಿಯಲ್ಲೇ ಆರು ಸೆಕೆಂಡಿನ ಆಸುಪಾಸಿನಲ್ಲಿ ಗಂಟೆಗೆ 100 ಕಿ.ಮೀ. ವೇಗ ಮುಟ್ಟುತ್ತಿತ್ತು.

ಹಗುರವಾದದ್ದು ಮುರಿಯುವುದಿಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. 1970ರಲ್ಲಿ ಮೊನ್ಝಾದಲ್ಲಿ ಲೋಟಸ್ 72 ಓಡಿಸುತ್ತಿದ್ದ ಯೋಹೆನ್ ರಿಂಟ್ ಅಭ್ಯಾಸದ ವೇಳೆ ಅಪಘಾತದಲ್ಲಿ ತೀರಿಕೊಂಡರು. ಕಾರಿನ ಮುಂದಿನ ಬ್ರೇಕ್ ಶಾಫ್ಟ್ ಮುರಿದಿತ್ತು. ಆ ವರ್ಷದ ಚಾಂಪಿಯನ್ ಪಟ್ಟ ಅವರಿಗೆ ಸಂದದ್ದು ಮರಣಾನಂತರ. ಜೀವ ನಿಂತಿರುವ ಭಾಗದಲ್ಲಿ ಗ್ರಾಂ ಲೆಕ್ಕ ಹಾಕಬಾರದೆಂಬುದು ಇದರ ಪಾಠ. ಆದರೆ ಗಟ್ಟಿತನಕ್ಕೂ ತೂಕಕ್ಕೂ ನೇರ ನಂಟಿಲ್ಲ. ಢಿಕ್ಕಿಯಾದಾಗ ಕರಗಿಸಬೇಕಾದ ಶಕ್ತಿ ತೂಕದೊಂದಿಗೇ ಏರುತ್ತದೆ; ಎಲೀಸ್‌ನ ಮೂತಿಯೊಳಗಿನ ಫೈಬರ್ ಪೆಟ್ಟಿಗೆ ಪುಡಿಯಾಗುತ್ತಲೇ ಆ ಶಕ್ತಿಯನ್ನು ಹೀರುವಂತೆ ರೂಪಿಸಿದ್ದು. ದೊಡ್ಡ ವಾಹನ ಬಂದು ಗುದ್ದಿದರೆ ಹಗುರ ಕಾರಿಗೇ ಪೆಟ್ಟು ಹೆಚ್ಚು, ಇದನ್ನೂ ಒಪ್ಪಬೇಕು. ಆದರೆ ಅದಕ್ಕೆ ಎಲ್ಲರೂ ಭಾರವಾಗುತ್ತ ಹೋಗುವುದು ಮದ್ದಲ್ಲ.

ವಿದ್ಯುತ್ ಕಾರುಗಳ ಕಾಲದಲ್ಲಿ ಇದೆಲ್ಲ ಹಳೆಯ ಮಾತು ಎನ್ನುವವರಿದ್ದಾರೆ. ನೆಲಹಾಸಿನಡಿಯ ಬ್ಯಾಟರಿ ಗುರುತ್ವಕೇಂದ್ರವನ್ನು ತಗ್ಗಿಸುತ್ತದೆ, ಮೋಟಾರು ಕ್ಷಣದಲ್ಲಿ ಎಳೆಯುತ್ತದೆ, ಎಲೆಕ್ಟ್ರಾನಿಕ್ಸ್ ಉಳಿದದ್ದನ್ನು ಸರಿದೂಗಿಸುತ್ತದೆ ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. ಲೋಟಸ್ ಕೂಡ ಈಗ ಸುಮಾರು ಎರಡೂವರೆ ಟನ್ ತೂಗುವ ಎಲೆಟ್ರೆ ಎಂಬ ವಿದ್ಯುತ್ ಎಸ್‌ಯುವಿ ಮಾರುತ್ತಿದೆ. ಆದರೂ ನೆಲ ಮುಟ್ಟುವುದು ಅಂಗೈಯಗಲದ ನಾಲ್ಕು ರಬ್ಬರ್ ತುಣುಕುಗಳೇ. ಅವುಗಳ ಮಿತಿಯನ್ನು ಯಾವ ಕಂಪ್ಯೂಟರೂ ಹಿಗ್ಗಿಸಲಾರದು, ಮಿತಿಯೊಳಗೆ ಚೆನ್ನಾಗಿ ಬಳಸಬಲ್ಲದು ಅಷ್ಟೆ. ಬ್ಯಾಟರಿ ಭಾರವಾಗಿರುವಾಗ ಉಳಿದ ಭಾಗಗಳನ್ನು ಹಗುರಗೊಳಿಸುವ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಎಲೀಸ್‌ನ ತಯಾರಿಕೆ 2021ರಲ್ಲಿ ನಿಂತಿತು. ಅದು ಕಲಿಸಿದ ಲೆಕ್ಕ ನಿಂತಿಲ್ಲ. ಮುಂದೆ ಯಾವುದೇ ಕಾರಿನ ವಿವರಪಟ್ಟಿ ಕೈಗೆ ಬಂದಾಗ ಅಶ್ವಶಕ್ತಿಯ ಸಾಲಿಗಿಂತ ಮೊದಲು ತೂಕದ ಸಾಲನ್ನು ಓದಿ. ಆ ಕಾರನ್ನು ರೂಪಿಸಿದವರು ಎಷ್ಟು ಯೋಚಿಸಿದ್ದಾರೆಂಬುದು ಅಲ್ಲಿ ತಿಳಿಯುತ್ತದೆ.