ಹತ್ತರ ಚೌಕಕ್ಕೆ ಜೋಡಿ ಹುಡುಕುವ ಬಗೆ

ಐದು ಅಡ್ಡಸಾಲು, ಐದು ಕಂಬಸಾಲಿನ ಚೌಕದಲ್ಲಿ 0ಯಿಂದ 4ರವರೆಗಿನ ಅಂಕಿಗಳನ್ನು ತುಂಬಿ. ಅಡ್ಡಕ್ಕಾಗಲಿ ಉದ್ದಕ್ಕಾಗಲಿ ಒಂದು ಸಾಲಿನಲ್ಲಿ ಯಾವ ಅಂಕಿಯೂ ಎರಡು ಸಲ ಬರಬಾರದು. ಇದೇ ಲ್ಯಾಟಿನ್ ಚೌಕ. ಸುಡೊಕು ಬಿಡಿಸುವವರಿಗೆ ಹೊಸದೇನಲ್ಲ. ಇಂಥ ಎರಡು ಚೌಕಗಳನ್ನು ಒಂದರ ಮೇಲೊಂದು ಇಟ್ಟರೆ ಪ್ರತಿ ಮನೆಯಲ್ಲೂ ಒಂದು ಅಂಕಿಜೋಡಿ ಕಾಣುತ್ತದೆ. 25 ಮನೆಗಳ 25 ಜೋಡಿಗಳೂ ಬೇರೆಬೇರೆಯಾಗಿದ್ದರೆ ಆ ಚೌಕಗಳು ಆರ್ಥಾಗನಲ್. ಇದನ್ನು ಪರೀಕ್ಷಿಸುವ ಕೋಡ್ ಪೈಥಾನ್‌ನಲ್ಲಿ ನಾಲ್ಕೈದು ಸಾಲು ಅಷ್ಟೇ: ಜೋಡಿಗಳನ್ನೆಲ್ಲ ಒಂದು ಸೆಟ್‌ಗೆ ಹಾಕಿ, ಕೊನೆಗೆ ಅದರ ಗಾತ್ರ ನೋಡಿದರಾಯಿತು. ಮೊದಲು ಇದನ್ನು ಬರೆದಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಬೆಸ ಅಳತೆಗೆ ಹುಡುಕಾಟವೇ ಬೇಡ. ಸಾಲುಗಳನ್ನು 0ಯಿಂದ ಎಣಿಸಿ, ಒಂದು ಚೌಕಕ್ಕೆ ಅಡ್ಡಸಾಲು + ಕಂಬಸಾಲು, ಇನ್ನೊಂದಕ್ಕೆ 2 × ಅಡ್ಡಸಾಲು + ಕಂಬಸಾಲು. ಎರಡನ್ನೂ ಅಳತೆಯಿಂದ ಭಾಗಿಸಿ ಶೇಷ ಬರೆಯಿರಿ. ಐದರ ಚೌಕದಲ್ಲಿ ಅಡ್ಡಸಾಲು 2, ಕಂಬಸಾಲು 3 ಆದರೆ ಜೋಡಿ (0, 2). ಎರಡನೆಯ ಅಂಕಿಯಲ್ಲಿ ಮೊದಲನೆಯದನ್ನು ಕಳೆದರೆ ಅಡ್ಡಸಾಲು 2 ಮರಳಿ ಸಿಗುತ್ತದೆ, ಅದರಿಂದ ಕಂಬಸಾಲೂ ಗೊತ್ತಾಗುತ್ತದೆ. ಜೋಡಿ ನೋಡಿ ಮನೆಯ ವಿಳಾಸ ಹೇಳಬಹುದಾದ್ದರಿಂದ ಯಾವ ಜೋಡಿಯೂ ಎರಡು ಕಡೆ ಇರಲಾರದು.

ನಾಲ್ಕಕ್ಕೆ ಈ ಸೂತ್ರ ಕೈಕೊಡುತ್ತದೆ. ಎರಡರಿಂದ ಗುಣಿಸಿದರೆ 0 ಮತ್ತು 2 ಎರಡಕ್ಕೂ ಶೇಷ ಸೊನ್ನೆಯೇ. ಕೂಡುವ ಬದಲು ಬಿಟ್‌ಗಳ ಮೇಲೆ ಎಕ್ಸಾರ್ ಮಾಡಿ, ಎರಡನೆಯ ಚೌಕದಲ್ಲಿ ಅಡ್ಡಸಾಲು 0, 1, 2, 3ರ ಬದಲಿಗೆ 0, 2, 3, 1 ಬಳಸಿ, ಕೆಲಸ ಆಗುತ್ತದೆ. ಮೂರರ ಜೋಡಿಯ ಪ್ರತಿ ಅಂಕಿಯ ಜಾಗದಲ್ಲಿ ನಾಲ್ಕರ ಇಡೀ ಚೌಕವನ್ನೇ ಕೂರಿಸಿದರೆ ಹನ್ನೆರಡರ ಜೋಡಿ ತಯಾರು.

ಉಳಿಯುವುದು 6, 10, 14ರಂಥ ತರಲೆ ಸಂಖ್ಯೆಗಳು. ಇವ್ಯಾವುದಕ್ಕೂ ಜೋಡಿ ಇರಲಾರದು ಎಂದು 1782ರಲ್ಲಿ ಆಯ್ಲರ್ ಊಹಿಸಿದ್ದ. ಆರರ ಮಟ್ಟಿಗೆ ಅದು ನಿಜವೆಂದು ಗಾಸ್ಟನ್ ಟ್ಯಾರಿ 1900ರ ಹೊತ್ತಿಗೆ ಕೈಲೆಕ್ಕದಲ್ಲೇ ತೋರಿಸಿದ. ಉಳಿದ ಊಹೆಯನ್ನು 1959ರಲ್ಲಿ ಆರ್. ಸಿ. ಬೋಸ್, ಎಸ್. ಎಸ್. ಶ್ರೀಖಂಡೆ, ಇ. ಟಿ. ಪಾರ್ಕರ್ ಮುರಿದರು. ಬೋಸ್ ಮತ್ತು ಶ್ರೀಖಂಡೆ 22ರ ಜೋಡಿ ಕೊಟ್ಟರು, ಪಾರ್ಕರ್ 10ರದ್ದು.

ಹತ್ತಕ್ಕೆ ನೀವೇ ಕೋಡ್ ಬರೆಯುವುದಾದರೆ ಎರಡನೆಯ ಚೌಕವನ್ನು ಮನೆಮನೆಯಾಗಿ ತುಂಬಲು ಹೋಗಬೇಡಿ. 1950ರ ದಶಕದಲ್ಲಿ ಸ್ವಾಕ್ ಕಂಪ್ಯೂಟರಿನ ಮೇಲೆ ಹಾಗೆ ಹೊರಟ ಹುಡುಕಾಟ ಬರಿಗೈಯಲ್ಲಿ ನಿಂತಿತು. ಅದರ ಬದಲು ಮೊದಲ ಚೌಕದಲ್ಲಿ ಪ್ರತಿ ಅಡ್ಡಸಾಲಿನಿಂದ, ಪ್ರತಿ ಕಂಬಸಾಲಿನಿಂದ ಒಂದೊಂದು ಮನೆಯಂತೆ, ಹತ್ತೂ ಅಂಕಿ ಬರುವ ಹಾಗೆ ಹತ್ತು ಮನೆ ಆರಿಸಿ. ಇದು ಟ್ರಾನ್ಸ್‌ವರ್ಸಲ್. ಎರಡನೆಯ ಚೌಕದಲ್ಲಿ ಒಂದು ಅಂಕಿ ಕೂರುವ ಜಾಗಗಳೆಂದರೆ ಇವೇ. ಸಾಮಾನ್ಯ ಚೌಕವೊಂದರಲ್ಲಿ ಇವು ಎಂಟು-ಒಂಬತ್ತು ನೂರರ ಆಸುಪಾಸು. ಒಂದನ್ನೊಂದು ಮುಟ್ಟದ ಹತ್ತನ್ನು ಆರಿಸಿ ನೂರು ಮನೆಯೂ ಮುಚ್ಚಿದರೆ ಜೋಡಿ ಸಿಕ್ಕಿತು. ಡೊನಾಲ್ಡ್ ಕನುತ್ ಜನಪ್ರಿಯಗೊಳಿಸಿದ ಡ್ಯಾನ್ಸಿಂಗ್ ಲಿಂಕ್ಸ್ ವಿಧಾನ ಹೇಳಿ ಮಾಡಿಸಿದಂತಿರುವುದು ಇದಕ್ಕೇ.

ಶುರುಮಾಡುವ ಚೌಕ ಮಾತ್ರ ಕೂಡುವ ಸೂತ್ರದ್ದಾಗಿರಬಾರದು. ಅದರಲ್ಲಿ ಟ್ರಾನ್ಸ್‌ವರ್ಸಲ್ ಒಂದೂ ಇಲ್ಲ. ಹತ್ತೂ ಅಡ್ಡಸಾಲಿನ ಸಂಖ್ಯೆಗಳ ಮೊತ್ತ 45, ಕಂಬಸಾಲಿನದೂ 45. ಒಟ್ಟು 90, ಅಂದರೆ ಶೇಷ 0. ಆದರೆ ಹತ್ತು ಅಂಕಿಗಳ ಮೊತ್ತ 45, ಶೇಷ 5. ತಾಳೆಯಾಗುವುದೇ ಇಲ್ಲ. ಸಾಲುಗಳನ್ನು ಎಷ್ಟು ಕಲಸಿದರೂ ಈ ರೋಗ ಹೋಗುವುದಿಲ್ಲ. ನಿಜಕ್ಕೂ ಯಾದೃಚ್ಛಿಕವಾದ ಚೌಕಗಳನ್ನು ಜೇಕಬ್ಸನ್–ಮ್ಯಾಥ್ಯೂಸ್ ವಿಧಾನದಿಂದ ಹುಟ್ಟಿಸಿಕೊಳ್ಳಿ. ಹತ್ತರ ಅಂಥ ಚೌಕಗಳಲ್ಲಿ ಸುಮಾರು ಶೇಕಡಾ 60ಕ್ಕೆ ಜೋಡಿ ಇರುತ್ತದೆ. ಆಯ್ಲರ್ ಇಲ್ಲವೆಂದದ್ದು ಇಷ್ಟು ಧಾರಾಳವಾಗಿ ಬಿದ್ದಿತ್ತು!

ಹದಿನಾಲ್ಕಕ್ಕೆ ಬಂದರೆ ಟ್ರಾನ್ಸ್‌ವರ್ಸಲ್‌ಗಳು ಲಕ್ಷ ದಾಟಿ, ಬರೀ ಹುಡುಕಾಟ ಏದುಸಿರು ಬಿಡುತ್ತದೆ. ಆಗ ಪಾರ್ಕರ್ ದಾರಿ ಹಿಡಿಯಬೇಕು. ಹತ್ತನ್ನು 7 + 3 ಎಂದು ಒಡೆಯಿರಿ. ಏಳು ಅಂಕಿಗಳು ಸುತ್ತುತ್ತವೆ, ಮೂರು ಕದಲುವುದಿಲ್ಲ. ಒಂದು ಮನೆ ನಿರ್ಧಾರವಾದರೆ ಅದನ್ನು ಸುತ್ತಿಸಿದಾಗ ಬರುವ ಇನ್ನಾರು ಮನೆಗಳೂ ತಾವಾಗಿ ತುಂಬುತ್ತವೆ. ಮೂಲೆಯ 3 × 3 ಭಾಗಕ್ಕೆ ಮೂರರ ಜೋಡಿ ಹಾಕಿದರೆ ಉಳಿಯುವ 91 ಮನೆಗಳಿಗೆ 13 ನಿರ್ಧಾರ ಸಾಕು. ಹದಿನಾಲ್ಕನ್ನು 11 + 3 ಮಾಡಿದರೆ 187 ಮನೆ, 17 ನಿರ್ಧಾರ. ಲ್ಯಾಪ್‌ಟಾಪಿಗೆ ಇದು ಹೊರೆಯಲ್ಲ.

ಹತ್ತರಲ್ಲಿ ಪರಸ್ಪರ ಆರ್ಥಾಗನಲ್ ಆದ ಮೂರು ಚೌಕಗಳು ಇವೆಯೇ ಎಂಬುದಕ್ಕೆ ಇನ್ನೂ ಯಾರ ಕೋಡೂ ಉತ್ತರ ಕೊಟ್ಟಿಲ್ಲ.