ಒಂದು ಕಥೆಗಾಗಿ ಲಿಪಿ ಕಲಿತವರು

ಉತ್ತರ ದೆಹಲಿಯ ಮುಖರ್ಜಿ ನಗರ. ಐಎಎಸ್ ಕನಸಿನ ಹುಡುಗರ ಅಡ್ಡಾ. ಇಲ್ಲಿ ಹಿಂದಿ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡವರು ಹಿಂದಿ ಕಾದಂಬರಿಯ ಹುಟ್ಟು–ಬೆಳವಣಿಗೆಯನ್ನು ಓದಲೇಬೇಕು. ಹಾಗೆ ಓದುವಾಗ ಒಬ್ಬ ಮಾಯಾವಿ ಎದುರಾಗುತ್ತಾನೆ: ದೇವಕಿನಂದನ ಖತ್ರಿ.

1888ರಲ್ಲಿ ಬಂದ ಖತ್ರಿಯ ಕಾದಂಬರಿ ‘ಚಂದ್ರಕಾಂತಾ’ದಲ್ಲಿ ಏನುಂಟು, ಏನಿಲ್ಲ! ವೇಷ ಬದಲಿಸುವ ‘ಐಯಾರ’ ಗೂಢಚಾರರು, ಮೂಗಿಗೆ ಹಿಡಿದರೆ ಎಚ್ಚರ ತಪ್ಪಿಸುವ ಪುಡಿ, ಒಳಹೊಕ್ಕವರನ್ನು ಸಿಕ್ಕಿಸುವ ‘ತಿಲಿಸ್ಮ್’ ಎಂಬ ಮಾಯಾಕೋಟೆ. ಚಕಿಯಾ, ನೌಗಢದ ಕಾಡುಗಳಲ್ಲಿ ಗುತ್ತಿಗೆದಾರನಾಗಿ ಅಲೆದಿದ್ದ ಖತ್ರಿಗೆ ಪಾಳುಕೋಟೆಗಳು ಹೊಸವೇನಲ್ಲ.

ಓದುಗರು ಏನು ಮಾಡಿದರು? ಉರ್ದು ಮಾತ್ರ ಬಲ್ಲ ಎಷ್ಟೋ ಜನ ಈ ಕಥೆಗಾಗಿಯೇ ನಾಗರಿ ಲಿಪಿ ಕಲಿತರು.

ವಿಮರ್ಶಕ ರಾಮಚಂದ್ರ ಶುಕ್ಲರ ತಕ್ಕಡಿ ಮಾತ್ರ ಎರಡೂ ಕಡೆ ತೂಗಿತು. ಹಿಂದಿಗೆ ಇಷ್ಟು ಓದುಗರನ್ನು ತಂದವರು ಬೇರೊಬ್ಬರಿಲ್ಲ ಎಂದು ಒಪ್ಪಿದರು. ಆದರೆ ಬರೀ ಘಟನೆಗಳ ಈ ಕಾದಂಬರಿಗಳನ್ನು ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸಲಿಲ್ಲ.

ಓದುಗರು ಮೆಚ್ಚಿದ್ದನ್ನು ವಿಮರ್ಶಕರು ಒಪ್ಪದ ಇಂಥ ಕಥೆ ಕನ್ನಡಿಗರಿಗೂ ಗೊತ್ತಿರುವಂಥದ್ದೇ. ನಾಲ್ಕನೇ ತರಗತಿವರೆಗೆ ಓದಿದ್ದ ಎನ್. ನರಸಿಂಹಯ್ಯ ನೂರಾರು ಪತ್ತೇದಾರಿ ಕಾದಂಬರಿ ಬರೆದರು. ಹಿರಿಯರು ಮೂಗು ಮುರಿದರು. ಹುಡುಗರು ಪಠ್ಯಪುಸ್ತಕದ ನಡುವೆ ಬಚ್ಚಿಟ್ಟು ಓದಿದರು. ಪತ್ತೇದಾರ ಪುರುಷೋತ್ತಮ ನರಸಿಂಹಯ್ಯನವರ ಒಬ್ಬ ನಾಯಕ.

ಇತ್ತ ಖತ್ರಿ 1913ರಲ್ಲಿ ತೀರಿಕೊಂಡಾಗ ಅವರ ಇನ್ನೊಂದು ಕಾದಂಬರಿ ‘ಭೂತನಾಥ’ ಅರ್ಧಕ್ಕೇ ನಿಂತಿತ್ತು. ಅದನ್ನು ಮುಗಿಸಿದ್ದು ಮಗ ದುರ್ಗಾಪ್ರಸಾದ. 1994ರಲ್ಲಿ ‘ಚಂದ್ರಕಾಂತಾ’ ದೂರದರ್ಶನಕ್ಕೂ ಬಂತು.

ನೀವು ಪಠ್ಯದೊಳಗೆ ಬಚ್ಚಿಟ್ಟು ಓದಿದ ಪುಸ್ತಕ ಯಾವುದು? ಕಾಮೆಂಟಿನಲ್ಲಿ ಬರೆಯಿರಿ.